ಕೆನ್ನೆಗೆ ತಾಗಿದ ಗಾಳಿ

ಫೆಬ್ರವರಿ 9

ಮಗಳೇ,

ಫೋನ್ ಮಾಡಬೇಡ ಅಂದೆ, ಮಾಡಿಲ್ಲ. ಫೋನನ್ನು ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಹಳೆಯ ಪಾತ್ರೆಗಳ ಹಿಂದೆ ಇಟ್ಟಿದ್ದೇನೆ. ತೆಗೆಯಬೇಕಾದರೆ ಸ್ಟೂಲ್ ಹತ್ತಬೇಕು, ಹತ್ತಿದರೆ ಬಿದ್ದೇನು ಅನ್ನುವ ಭಯ. ಒಂದು ಭಯಕ್ಕೆ ಇನ್ನೊಂದು ಭಯವನ್ನು ಕಾವಲು ಹಾಕಿದ್ದೇನೆ ನೋಡು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಂತೆ.

ಅವತ್ತಿನದು ನನ್ನದೇ ತಪ್ಪು. ಬೆಳಗ್ಗೆಯಿಂದ ಎಷ್ಟು ಸಲ ಮಾಡಿದ್ದೆನೋ ನನಗೇ ನೆನಪಿಲ್ಲ. ನೀನು ಎತ್ತಲಿಲ್ಲ ಅಂತ ನಿಮ್ಮ ಫೋಟೊ ಫ್ರೇಮ್ ಅಂಗಡಿಗೇ ಮಾಡಿದೆ. ನೀನು ಗಾಜಿನ ಹಾಳೆ ಹಿಡಿದು ನಿಂತಿದ್ದೀಯ ಅಂತ ನನಗೇನು ಗೊತ್ತು? "ನಿಮ್ಮ ತಾಯಿ" ಅಂತ ಅಂಗಡಿ ಯಜಮಾನರು ಕೂಗಿದ ತಕ್ಷಣ ನಿನ್ನ ಕೈ ಜಾರಿತು, ಗಾಜು ಕಾಲ ಬುಡದಲ್ಲಿ ಪುಡಿಯಾಯಿತು. ಗರ್ಭಿಣಿಗೆ ಏನಾದರೂ ಆದೀತು ಅಂತ ಹೆದರಿ ಫೋನ್ ಮಾಡಿದವಳಿಂದಲೇ ಏನಾದರೂ ಆಗುವುದರಲ್ಲಿತ್ತು.

ನನ್ನ ಕೆಲಸವೇ ನನ್ನನ್ನು ಹೀಗೆ ಮಾಡಿದೆಯೋ, ಹೀಗಿರುವುದಕ್ಕೇ ಈ ಕೆಲಸ ಸಿಕ್ಕಿತೋ ತಿಳಿಯದು. ಇಡೀ ದಿನ ಕರೆಂಟ್ ಕಂಬ ಹತ್ತುವವರ ರಬ್ಬರ್ ಕೈಗವಸಿನೊಳಗೆ ಗಾಳಿ ತುಂಬಿ, ಅದರ ಬಾಯಿ ಸುತ್ತಿ ಬಿಗಿಹಿಡಿದು, ಕೆನ್ನೆಗೆ ಒತ್ತಿಕೊಂಡು ಕೂರುತ್ತೇನೆ. ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ತಣ್ಣಗೆ ತಾಗುತ್ತದೆ. ಕಣ್ಣಿಗೆ ಕಾಣದ್ದು ಕೆನ್ನೆಗೆ ಗೊತ್ತಾಗುತ್ತದೆ ಅಂತ ನನಗೆ ಕಾರ್ಖಾನೆಯಲ್ಲಿ "ಕೆನ್ನೆಯಮ್ಮ" ಅಂತಲೇ ಹೆಸರು. ಕಾರ್ಖಾನೆಯ ಗಂಟೆ ಹೊಡೆದ ಮೇಲೂ ಕೆನ್ನೆ ಸುಮ್ಮನಿರುವುದಿಲ್ಲ, ಅಷ್ಟೇ ತೊಂದರೆ.

ದೊಡ್ಡ ಗಾಜು ಎತ್ತಬೇಡ. ಗ್ಯಾಸ್ ಆರಿಸಿದೆಯಾ ಅಂತ ಎರಡು ಸಲ ನೋಡು. ಮೆಟ್ಟಿಲಲ್ಲಿ ಕಂಬಿ ಹಿಡಿ. ಬಾತ್‌ರೂಮಿನಲ್ಲಿ ಒಣ ಕಾಲೊರಸು ಹಾಕು. ಬಸ್ಸಿನಲ್ಲಿ ಹಿಂದೆ ಕೂರಬೇಡ. ಇಲ್ಲ, ಇಲ್ಲಿಗೆ ನಿಲ್ಲಿಸುತ್ತೇನೆ.

ಸ್ಟೂಲ್ ಹತ್ತದ ನಿನ್ನ
ಅಮ್ಮ

ಫೆಬ್ರವರಿ 21

ಅಮ್ಮಾ,

ಪತ್ರ ಓದಿ ನಗು ಬಂತು. ಇವರಿಗೂ ಓದಿ ಹೇಳಿದೆ. "ಭಯಕ್ಕೆ ಭಯದ ಕಾವಲು, ಅತ್ತೆ ಪೊಲೀಸ್ ಇಲಾಖೇಲಿ ಇರ್ಬೇಕಿತ್ತು" ಅಂದರು.

ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಭಯ ನಿನ್ನ ಹತ್ತಿರವೇ ಇರುವುದಿಲ್ಲ. ನೀನು ಫೋನಿಟ್ಟು ಹಗುರಾಗುತ್ತೀಯ, ನಾನು ಅದನ್ನು ಹೊತ್ತುಕೊಂಡು ಕೂರುತ್ತೇನೆ. ಶಾಲೆಯ ಪ್ರವಾಸದ ದಿನ ನೀನು ಬಗ್ಗಿ ಬಸ್ಸಿನ ಟೈರು ಒತ್ತಿ ನೋಡಿದ್ದೆ, ನೆನಪಿದೆಯಾ? ಮಕ್ಕಳೆಲ್ಲ ನಕ್ಕರು. ನನಗೆ ನಾಚಿಕೆಯಾಗಿದ್ದು ಸ್ವಲ್ಪ ಹೊತ್ತು. ಇಡೀ ದಿನ ಟೈರಿನ ಯೋಚನೆಯಲ್ಲೇ ಕಳೆದೆ. ಹೋದ ಜಾಗ ಹೇಗಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಹೆರಿಗೆಗೆ ನೀನು ಬರಲೇಬೇಕು. ನೀನಿಲ್ಲದೆ ನನ್ನಿಂದಾಗುವುದಿಲ್ಲ. ಆದರೆ ಈಗಿರುವ ಹಾಗೆ ಬರಬೇಡ. ಈ ಥರದ ಚಿಂತೆಗೂ ಡಾಕ್ಟರು ಇದ್ದಾರೆ, ಒಬ್ಬರನ್ನು ನೋಡು. ಸ್ವಲ್ಪ ಸಡಿಲಾಗು, ಜುಲೈನಲ್ಲಿ ಎಂಟು ತುಂಬುವ ಹೊತ್ತಿಗೆ ಬಾ. ಅಲ್ಲಿಯವರೆಗೆ ಪತ್ರ ಮಾತ್ರ. ಇದು ನನ್ನ ಷರತ್ತು.

ಉಳಿದಂತೆ ದೂರುಗಳು: ಅಂಗಡಿಯ ಗೋಂದಿನ ವಾಸನೆಗೆ ಹೊಟ್ಟೆ ತೊಳಸುತ್ತದೆ. ಇವರು ಬೇಕರಿಯಿಂದ ಹುಳಿಹಿಟ್ಟಿನ ವಾಸನೆ ಹೊತ್ತು ಬರುತ್ತಾರೆ, ಹತ್ತಿರ ಸೇರಿಸುವುದಿಲ್ಲ. ಮೇಲಿನ ಮನೆಯವರು ದಿನವೂ ಮಂಚ ಎಳೆದಾಡುತ್ತಾರೆ, ಯಾಕೋ ದೇವರಿಗೇ ಗೊತ್ತು. ತಿಂದದ್ದು ನಿಲ್ಲುವುದಿಲ್ಲ, ಹಸಿವು ಬಿಡುವುದಿಲ್ಲ.

ನಿನ್ನ ಮಗಳು

ಮಾರ್ಚ್ 8

ಮಗಳೇ,

ಡಾಕ್ಟರಮ್ಮನನ್ನು ನೋಡಿದೆ. ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. "ಯಾವ ವಿಷಯಕ್ಕೆ ಭಯ ನಿಮಗೆ?" ಅಂದಳು. "ಯಾವುದಿದೆಯೋ ಅದಕ್ಕೆ" ಅಂದೆ. "ಯಾವುದೂ ಇಲ್ದಿದ್ರೆ?" ಅಂದಳು. "ಇಲ್ವಲ್ಲಾ ಅಂತ" ಅಂದೆ. ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟಳು.

ಕುತ್ತಿಗೆ, ಭುಜ ಎಲ್ಲ ಒತ್ತಿ ನೋಡಿದಳು. ಹಲಗೆಯ ಹಾಗಿದೆ ಅಂದಳು. ಹಲ್ಲಿನ ಡಾಕ್ಟರು ದವಡೆ ಹಲ್ಲು ಸವೆದಿದೆ ಅಂದಿದ್ದರಲ್ಲ, ಅದೂ ಇದರದೇ ಅಂತೆ. ಸಿಡುಕೂ ಇದರದೇ. ಪಕ್ಕದ ಮೇಜಿನವಳು ಕೆಲಸ ಮಾಡುತ್ತಾ ಹಾಡು ಗುನುಗಿದರೆ ನನಗೆ ಮೈ ಉರಿಯುತ್ತದೆ ಅಂದೆ. "ಹಾಡು ಕೆಟ್ಟದಾಗಿರುತ್ತಾ?" ಅಂತ ಕೇಳಿದಳು. ಇಲ್ಲ, ಚೆನ್ನಾಗಿಯೇ ಹಾಡುತ್ತಾಳೆ. ಇವಳಿಗೆ ಇಷ್ಟು ನಿಶ್ಚಿಂತೆ ಎಲ್ಲಿಂದ ಬಂತು, ಏನೂ ಗೊತ್ತಿಲ್ಲದವಳು ಅಂತ ಸಿಟ್ಟು.

ಆಮೇಲೆ ನಿಮ್ಮಪ್ಪ ಹೋದ ದಿನದ ಮಾತು ಬಂತು. ನಿನಗೆ ಯಾವತ್ತೂ ಪೂರ್ತಿ ಹೇಳಿರಲಿಲ್ಲ. ಊಟದ ಹೊತ್ತು. ಮೇಲ್ವಿಚಾರಕರು ನಡೆಯುವುದನ್ನು ಒಬ್ಬಳು ನಡೆದು ತೋರಿಸುತ್ತಿದ್ದಳು. ನಾನು ಬಾಯಲ್ಲಿ ತುತ್ತು ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ. ಆಫೀಸಿನವರು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದರು. ನಿಮ್ಮಪ್ಪ ತಾವು ಓಡಿಸುತ್ತಿದ್ದ ಬಸ್ಸನ್ನು ನಿಲ್ದಾಣಕ್ಕೆ ತಂದು, ಬ್ರೇಕ್ ಹಾಕಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟಿದ್ದರಂತೆ. ಪ್ರಯಾಣಿಕರೆಲ್ಲ ಇಳಿದು ಹೋಗುವವರೆಗೂ ಯಾರಿಗೂ ಗೊತ್ತಾಗಲಿಲ್ಲವಂತೆ.

ಸಾವು ಯಾರ ಮನೆಗೆ ಬರುವುದಿಲ್ಲ ಹೇಳು. ಆದರೆ ನಗುವಿನ ಅಷ್ಟು ಎತ್ತರದಿಂದ ಬಿದ್ದೆನಲ್ಲ, ಅದು ನನ್ನನ್ನು ಮುರಿಯಿತು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮೇಲೆ ನಗುತ್ತಿರುವಾಗ ಸಿಕ್ಕಿಬೀಳಬಾರದು ಅಂತ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುತ್ತಾರಲ್ಲ. ನಾನು ನೀರಿನಿಂದ ಮೇಲೆ ಬರಲೇ ಇಲ್ಲ. ಇದೆಲ್ಲ ಹೇಳಿದಾಗ ಡಾಕ್ಟರಮ್ಮ, "ಅಷ್ಟು ವರ್ಷ ನೀರಲ್ಲೇ ನಿಂತ್ರೆ ಮೈ ಏನಾಗುತ್ತೆ ಅಮ್ಮಾ?" ಅಂದಳು.

ಮಾತ್ರೆ ಕೊಟ್ಟಿದ್ದಾಳೆ. ಜೊತೆಗೆ ಒಂದು ವಿಚಿತ್ರ ಕೆಲಸ. ಮನೆಯಲ್ಲಿ ಚಿಂತೆಗೆ ಅಂತಲೇ ಒಂದು ಕುರ್ಚಿ ಇಡಬೇಕು. ಹಗಲು ಚಿಂತೆ ಬಂದರೆ "ಸಂಜೆ ಬಾ" ಅನ್ನಬೇಕು. ಸಂಜೆ ಅರ್ಧ ಗಂಟೆ ಅಲ್ಲಿ ಕೂತು ಮನಸಾರೆ ಚಿಂತೆ ಮಾಡಿ ಎದ್ದುಬಿಡಬೇಕು. ನಮ್ಮ ಕಾಲು ಅಲ್ಲಾಡುವ ಬೆತ್ತದ ಕುರ್ಚಿ ಇಟ್ಟಿದ್ದೇನೆ. ಚಿಂತೆಗೆ ಒಳ್ಳೆಯ ಕುರ್ಚಿ ಯಾಕೆ ದಂಡ?

ಅಮ್ಮ

ಮಾರ್ಚ್ 24

ಅಮ್ಮಾ,

ಅಪ್ಪನ ವಿಷಯ ಎರಡು ಸಲ ಓದಿದೆ. ಇಷ್ಟು ವರ್ಷ ನನಗೆ ಹೇಳಲಿಲ್ಲವಲ್ಲ ಅಂತ ಕೋಪ ಬಂತು. ಆಮೇಲೆ ಹೋಯಿತು.

ನೆನ್ನೆ ಒಳಗೆ ಮೊದಲ ಸಲ ಮಿಸುಕಿತು, ನೀರಲ್ಲಿ ಮೀನು ಹೊರಳಿದ ಹಾಗೆ. ಕೈಯಲ್ಲಿ ಗಾಜು ಕೊಯ್ಯುವ ಕಟ್ಟರ್ ಇತ್ತು, ಗೆರೆ ಸೊಟ್ಟಗಾಯಿತು. ಯಜಮಾನರು ಬೈಯಲಿಲ್ಲ, ಆ ತುಂಡನ್ನು ಚಿಕ್ಕ ಫ್ರೇಮಿಗೆ ಇಟ್ಟುಕೊಂಡರು. ಇವರು ಹೊಟ್ಟೆಗೆ ಕಿವಿಯಿಟ್ಟು, "ಹಸಿವು ಅಂತಿದೆ" ಅಂದು ತಾವೇ ಎರಡು ಬನ್ ತಿಂದರು. ಕಾಲು ನೋಯುತ್ತದೆ, ಬೆನ್ನು ನೋಯುತ್ತದೆ, ಮೇಲಿನವರ ಮಂಚ ಇನ್ನೂ ಜಾಗಕ್ಕೆ ಸೇರಿಲ್ಲ.

ಕುರ್ಚಿ ಹೇಗಿದೆ?

ನಿನ್ನ ಮಗಳು

ಏಪ್ರಿಲ್ 10

ಮಗಳೇ,

ಕುರ್ಚಿಯ ಕಥೆ ಕೇಳು. ಮೊದಲ ವಾರ ಅರ್ಧ ಗಂಟೆ ಸಾಲುತ್ತಿರಲಿಲ್ಲ, ಗಂಟೆ ಬಾರಿಸಿದರೂ ಏಳಲು ಮನಸ್ಸಿರಲಿಲ್ಲ. ಆಮೇಲೆ ಚಿಂತೆಗಳು ತಡವಾಗಿ ಬರತೊಡಗಿದವು. ಮೊನ್ನೆ ಕೂತೆ, ಒಂದೂ ಬರಲಿಲ್ಲ. ಗ್ಯಾಸನ್ನು ನೆನೆದೆ, ಹತ್ತಿಕೊಳ್ಳಲಿಲ್ಲ. ನಿನ್ನ ಮೆಟ್ಟಿಲನ್ನು ನೆನೆದೆ, ನೀನು ಕಂಬಿ ಹಿಡಿದು ಆರಾಮಾಗಿ ಇಳಿದು ಹೋದೆ. ಕರೆದರೂ ಬರುವುದಿಲ್ಲವೆಂದರೆ ನಾನೇನು ಮಾಡಲಿ, ಎದ್ದು ಹೋಗಿ ಊಟ ಮಾಡಿದೆ.

ದವಡೆ ಸಡಿಲಾಗಿದೆ. ಭುಜ ಕಿವಿಯಿಂದ ಕೆಳಗಿಳಿದು ತನ್ನ ಜಾಗಕ್ಕೆ ಬಂದಿದೆ. ಇವತ್ತು ಕೆಲಸದಲ್ಲಿ ಪಕ್ಕದ ಮೇಜಿನವಳು ಇದ್ದಕ್ಕಿದ್ದಂತೆ ನನ್ನನ್ನೇ ನೋಡಿದಳು. "ಏನೇ?" ಅಂದೆ. "ಕೆನ್ನೆಯಮ್ಮ, ನೀವು ಹಾಡ್ತಿದ್ದೀರಿ" ಅಂದಳು. ನನಗೇ ಗೊತ್ತಿರಲಿಲ್ಲ. ಅವಳದೇ ಹಾಡು ನನ್ನ ಬಾಯಿಗೆ ಬಂದಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಕ್ಕ ಮೇಲೆ ಬಾಗಿಲ ಕಡೆ ನೋಡಿದೆ, ಅದು ಹಳೆಯ ಅಭ್ಯಾಸ. ಯಾರೂ ಇರಲಿಲ್ಲ.

ಇಷ್ಟು ಹಗುರ ನಾನು ಯಾವತ್ತಾದರೂ ಇದ್ದೆನಾ ಅಂತ ಯೋಚಿಸುತ್ತಿದ್ದೇನೆ. ನಿನ್ನ ಷರತ್ತು ಗೆದ್ದೆ ಮಗಳೇ. ಜುಲೈಗೆ ಬರುತ್ತೇನೆ, ಟೈರು ಮುಟ್ಟಿ ನೋಡದೆ ಬಸ್ ಹತ್ತುತ್ತೇನೆ.

ಹಾಡುವ ನಿನ್ನ
ಅಮ್ಮ

ಏಪ್ರಿಲ್ 27

ಅಮ್ಮಾ,

ನಿನ್ನ ಪತ್ರ ಸಿಕ್ಕಿತು. ತುಂಬಾ ಸಂತೋಷವಾಯಿತು. ಹೀಗೇ ಇರು. ಮಾತ್ರೆ ಬಿಡಬೇಡ.

ಇಲ್ಲಿ ಎಲ್ಲ ಚೆನ್ನಾಗಿದೆ. ನಾನು ಚೆನ್ನಾಗಿದ್ದೇನೆ, ಇವರೂ ಚೆನ್ನಾಗಿದ್ದಾರೆ. ಅಂಗಡಿಗೆ ಸ್ವಲ್ಪ ದಿನ ರಜೆ ಹಾಕಿದ್ದೇನೆ, ವಿಶ್ರಾಂತಿ ಇರಲಿ ಅಂತ. ಚಿಂತೆ ಮಾಡುವಂಥದ್ದು ಏನೂ ಇಲ್ಲ.

ನಿನ್ನ ಮಗಳು

ಮೇ 9

ಮಗಳೇ,

ನಿನ್ನ ಪತ್ರ ಓದಿದೆ. ಒಂದು ವಿಷಯ ಹೇಳುತ್ತೇನೆ, ನಗಬೇಡ. ಪತ್ರ ನುಣ್ಣಗಿತ್ತು. ಕಾಲುನೋವಿಲ್ಲ, ಗೋಂದಿನ ವಾಸನೆಯಿಲ್ಲ, ಮೇಲಿನ ಮನೆಯ ಮಂಚವೂ ಇಲ್ಲ. ನೀನು ಹುಟ್ಟಿದಾಗಿನಿಂದ ದೂರಿಲ್ಲದ ದಿನವನ್ನೇ ನಾನು ಕಂಡಿಲ್ಲ. ಓದುತ್ತಿದ್ದ ಹಾಗೆ ಕೆನ್ನೆಗೆ ತಣ್ಣಗೆ ತಾಗಿತು. ಎಲ್ಲೋ ಗಾಳಿ ಸೋರುತ್ತಿದೆ ಅನ್ನಿಸಿತು. ಸ್ಟೂಲ್ ಎಳೆದು ಒಂದು ಕಾಲು ಇಟ್ಟೂ ಬಿಟ್ಟೆ.

ಇಳಿದೆ. "ಸಂಜೆ ಬಾ" ಅಂದೆ. ಸಂಜೆ ಬಂತು, ಕುರ್ಚಿಯಲ್ಲಿ ಕೂತು ಪೂರ್ತಿ ಅರ್ಧ ಗಂಟೆ ಅದನ್ನೇ ಯೋಚಿಸಿ ಎದ್ದೆ. ಮುಂದಿನ ಸಲ ಡಾಕ್ಟರಮ್ಮನಿಗೂ ಹೇಳಿದೆ. "ಏನೋ ಆಗಿದೆ ಅನ್ನೋಕೆ ಏನು ಗುರುತಿದೆ ಅಮ್ಮಾ?" ಅಂದಳು. "ಮಗಳು ಏನೂ ದೂರು ಹೇಳ್ತಿಲ್ಲ" ಅಂದೆ. ಹೇಳಿದ ಮೇಲೆ ನನಗೇ ನಗು ಬಂತು, ಅವಳೂ ನಕ್ಕಳು. ಮಗಳು ಸುಖವಾಗಿದ್ದರೆ ಹೆದರುವ ತಾಯಿ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಹಾಗಾಗಿ ಆ ಯೋಚನೆಯನ್ನು ಬಿಟ್ಟೆ. ಕಷ್ಟವಾಯಿತು, ಆದರೂ ಬಿಟ್ಟೆ. ಗೆದ್ದೆ ಅಂತಲೇ ಅಂದುಕೊಂಡಿದ್ದೇನೆ.

ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ನೀನು ಹೊಟ್ಟೆಯಲ್ಲಿದ್ದಾಗ ನಾನು ಮುಂಚಿತವಾಗಿ ಒಂದು ಚಿಂದಿ ಬಟ್ಟೆಯನ್ನೂ ತೆಗೆದಿಟ್ಟಿರಲಿಲ್ಲ, ಚೊಚ್ಚಲು ಅಂತ ಅಷ್ಟು ಹೆದರಿಕೆ. ಈ ಸಲ ಹಾಗಿಲ್ಲ. ಮಗು ಉಗುರಿನಿಂದ ಮುಖ ಪರಚಿಕೊಳ್ಳದಿರಲಿ ಅಂತ ಹಳದಿ ಬಟ್ಟೆಯಲ್ಲಿ ಪುಟ್ಟ ಕೈಗವಸು ಹೊಲಿದಿದ್ದೇನೆ. ಅಭ್ಯಾಸಬಲ, ಹೊಲಿದು ಮುಗಿಸಿ ಊದಿ ಕೆನ್ನೆಗೆ ಇಟ್ಟುಕೊಂಡೆ. ಎಲ್ಲ ಕಡೆಯಿಂದಲೂ ಗಾಳಿ ಸೋರಿತು. ಇದರಲ್ಲಿ ಸೋರಿದರೆ ಪರವಾಗಿಲ್ಲ.

ಜುಲೈ ಯಾವ ವಾರಕ್ಕೆ ಟಿಕೆಟ್ ತೆಗೆಯಲಿ, ಬರೆ.

ಅಮ್ಮ

ಮೇ 20

ಅಮ್ಮಾ,

ಪೊಟ್ಟಣ ಸಿಕ್ಕಿತು. ಹೊಲಿಗೆ ತುಂಬಾ ಚೆನ್ನಾಗಿದೆ.

ಟಿಕೆಟ್ ಈಗಲೇ ತೆಗೆಯಬೇಡ. ಯಾವಾಗ ಅಂತ ನಾನು ಬರೆಯುತ್ತೇನೆ. ಎಲ್ಲ ಚೆನ್ನಾಗಿದೆ.

ನಿನ್ನ ಮಗಳು

ಜೂನ್ 3

ಅಮ್ಮಾ,

ಯಾವುದೂ ಚೆನ್ನಾಗಿಲ್ಲ. ಕೂತು ಓದು.

ಮಗು ಇಲ್ಲ. ಏಪ್ರಿಲ್‌ನಲ್ಲೇ ಹೋಯಿತು. ಎರಡು ದಿನ ಮಿಸುಕಲಿಲ್ಲ, ಆಸ್ಪತ್ರೆಗೆ ಹೋದೆವು. ಹೆಣ್ಣು. ಇವರು ನೋಡಿದರು, ನನ್ನಿಂದಾಗಲಿಲ್ಲ.

ಮನೆಗೆ ಬಂದಾಗ ಬಾಗಿಲ ಸಂದಿಯಲ್ಲಿ ನಿನ್ನ ಪತ್ರವಿತ್ತು. ನನ್ನನ್ನು ಮಲಗಿಸಿ, ಸಮಾಧಾನವಾಗಲಿ ಅಂತ ಇವರು ಗಟ್ಟಿಯಾಗಿ ಓದಿದರು. ಹಾಡಿದೆ ಅಂತ ನೀನು ಬರೆದಿದ್ದೆ ಅಮ್ಮಾ. ನಕ್ಕು ಬಾಗಿಲ ಕಡೆ ನೋಡಿದೆ, ಯಾರೂ ಇರಲಿಲ್ಲ ಅಂತ. ಆ ಬಾಗಿಲಲ್ಲಿ ಬಂದು ನಿಲ್ಲುವವಳು ನಾನೇ ಆಗಬೇಕಾ ಅನ್ನಿಸಿತು. "ಅತ್ತೆಗೆ ಹೇಳೋಣ" ಅಂತ ಇವರು ಎಷ್ಟೋ ಸಲ ಅಂದರು. ನಾನು ಬಿಡಲಿಲ್ಲ. ಮೊದಲು ಒಂದು ವಾರ ಅಂದುಕೊಂಡೆ, ಆಮೇಲೆ ಸುಳ್ಳು ತಾನೇ ಬೆಳೆಯಿತು. ಆ ಹಳದಿ ಕೈಗವಸು ಬಂದ ದಿನದಿಂದ ಇವರು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಇನ್ನೊಂದು ಇದೆ. ಅದರ ಹಿಂದಿನ ವಾರ ಅಂಗಡಿಯಲ್ಲಿ ದೊಡ್ಡ ಗಾಜು ಎತ್ತಿದೆ. ಸಹಾಯಕ್ಕೆ ಯಾರೂ ಇರಲಿಲ್ಲ, ಗಿರಾಕಿ ಕಾಯುತ್ತಿದ್ದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ಎರಡು ಸಲ ಹೇಳಿದರು. ಆದರೆ ನೀನು ಮೊದಲೇ ಬರೆದಿದ್ದೆಯಲ್ಲ, ದೊಡ್ಡ ಗಾಜು ಎತ್ತಬೇಡ ಅಂತ. ನಿನಗೆ ಗೊತ್ತಿತ್ತು.

ಈಗ ನಾನು ನೀನಾಗಿದ್ದೇನೆ. ಇವರು ಬೇಕರಿಯಿಂದ ಬರುವುದು ಸ್ವಲ್ಪ ತಡವಾದರೆ ರಸ್ತೆಯಲ್ಲಿ ಬಿದ್ದಿದ್ದಾರೆ ಅಂತ ಕಣ್ಣಿಗೆ ಕಾಣುತ್ತದೆ. ಬೆಳಗ್ಗೆ ಎದ್ದರೆ ದವಡೆ ನೋಯುತ್ತದೆ. ಅಂಗಡಿಗೆ ಹೋಗತೊಡಗಿದ್ದೇನೆ, ಭುಜ ಬಿಗಿದು ಕಟ್ಟರಿನ ಗೆರೆ ನೇರ ಬರುವುದಿಲ್ಲ. ಯಜಮಾನರು ಏನೋ ತಮಾಷೆ ಮಾಡಿದರು, ನಗು ಬಾಯವರೆಗೆ ಬಂತು, ನುಂಗಿಕೊಂಡೆ. ನಗದೇ ಇದ್ದರೆ ಬೀಳುವುದೂ ಇಲ್ಲ. ನೀನು ಯಾಕೆ ನೀರಿನಿಂದ ಮೇಲೆ ಬರಲಿಲ್ಲ ಅಂತ ಈಗ ಗೊತ್ತಾಯಿತು.

ನನ್ನ ಷರತ್ತು ನೀನು ಗೆದ್ದೆ. ಸೋತಿದ್ದು ನಾನು.

ನಿನ್ನ ಮಗಳು

ಜೂನ್ 7

ಮಗಳೇ,

ಮೊದಲು ನಿನ್ನ ಪತ್ರ ಓದಿದ್ದು ಹೇಗೆ ಅಂತ ಹೇಳುತ್ತೇನೆ. ಮುಂಚೆಯಾಗಿದ್ದರೆ ಬಾಗಿಲಲ್ಲೇ ಹರಿದು ಓದುತ್ತಿದ್ದೆ. ಈಗ ಕಲಿತವಳಲ್ಲವೇ, ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋದೆ. ಊಟದ ಹೊತ್ತಿಗೆ ಪಕ್ಕದ ಮೇಜಿನವಳು ಏನೋ ಹೇಳಿದಳು, ನಕ್ಕೆ. ನಗುತ್ತಲೇ ಲಕೋಟೆ ಒಡೆದೆ.

ಅದೇ ಊಟದ ಕೋಣೆ. ಬಾಯಲ್ಲಿ ತುತ್ತು. ಇಷ್ಟು ವರ್ಷ ಯಾವುದಕ್ಕೆ ಹೆದರಿ ನೀರಲ್ಲಿ ನಿಂತಿದ್ದೆನೋ, ಅದು ಅಳತೆ ತೆಗೆದು ಮಾಡಿದ ಹಾಗೆ ಬಂತು.

ಬಿದ್ದೆ. ಸುಳ್ಳು ಹೇಳುವುದಿಲ್ಲ. ಅವಳು ನನ್ನನ್ನು ಹಿಡಿದುಕೊಂಡಳು. ಆದರೆ ಬಿದ್ದ ಮೇಲೆ ಒಂದು ಗೊತ್ತಾಯಿತು. ನಿಮ್ಮಪ್ಪ ಹೋದ ಮೇಲೆ ದಿನವೂ ಮುಂಗಡವಾಗಿ ಅತ್ತವಳು ನಾನು. ಈಗ ನಿಜವಾಗಿ ಅಳಬೇಕಾಗಿ ಬಂದಾಗ ಅದರಲ್ಲಿ ಒಂದು ಹನಿಯನ್ನೂ ಯಾರೂ ಕಳೆಯಲಿಲ್ಲ. ಪೂರ್ತಿಯೇ ಅಳಬೇಕಾಯಿತು. ಹೆದರಿ ಕಳೆದ ದಿನಗಳೆಲ್ಲ ಸುಮ್ಮನೆ ಹೋದವು. ಅದನ್ನು ನೆನೆದು ಬೇರೆ ಅತ್ತೆ.

ನಿನ್ನ ಮೇಲೆ ಸಿಟ್ಟು ಬಂದಿದೆ. ನೀನು ಮಲಗಿ ಅಳುತ್ತಿದ್ದಾಗ ನಾನು ಇಲ್ಲಿ ಹಳದಿ ಬಟ್ಟೆ ಆರಿಸುತ್ತಿದ್ದೆನಲ್ಲ, ಅದನ್ನು ಹೇಗೆ ಮರೆಯಲಿ? ನನ್ನ ಮೇಲೂ ಸಿಟ್ಟಿದೆ. ಅವತ್ತು ಕೆನ್ನೆಗೆ ತಾಗಿದ್ದು ನಿಜವಾದ ಗಾಳಿ. ಸ್ಟೂಲಿನ ಮೇಲೆ ಕಾಲಿಟ್ಟವಳು ಇಳಿದೆ. ಡಾಕ್ಟರಮ್ಮನನ್ನು ದೂರುವುದಿಲ್ಲ. ತೋಳ ಬಂತು ತೋಳ ಅಂತ ದಿನವೂ ಕೂಗಿದವಳು ನಾನು. ನಿಜವಾಗಿ ಬಂದ ದಿನ ನನ್ನ ಕೂಗನ್ನು ನಾನೇ ನಂಬಲಿಲ್ಲ.

ಗಾಜಿನ ವಿಷಯ ಇನ್ನೊಂದು ಸಲ ಬಾಯಿಗೆ ತರಬೇಡ. ನನಗೆ ಏನೂ ಗೊತ್ತಿರಲಿಲ್ಲ. ಆ ಪತ್ರ ತೆಗೆದು ನೋಡು, ಗ್ಯಾಸು, ಮೆಟ್ಟಿಲು, ಕಾಲೊರಸು, ಬಸ್ಸು ಎಲ್ಲ ಬರೆದಿದ್ದೆ. ಬಸ್ಸಿನಲ್ಲಿ ಹಿಂದೆ ಕೂತದ್ದರಿಂದ ಹೀಗಾಯಿತು ಅಂತ ಯಾಕೆ ಅನ್ನುವುದಿಲ್ಲ? ಅಷ್ಟು ಕಲ್ಲು ಎಸೆದವಳದು ಒಂದು ಎಲ್ಲೋ ತಾಗಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ನನ್ನ ಭಯವನ್ನು ಜ್ಞಾನ ಅಂದುಕೊಂಡು ನೀನು ಹೊತ್ತುಕೊಳ್ಳಬೇಡ. ಟೈರಿನ ಯೋಚನೆಯನ್ನು ಹೊತ್ತದ್ದು ಸಾಕು.

ನಾನು ವಾಸಿಯಾಗಿದ್ದೇನೆ ಅಂತ ತಿಳಿಯಬೇಡ. ಇದನ್ನು ಬರೆಯುವಾಗಲೂ ದವಡೆ ಕಚ್ಚಿಕೊಂಡಿದೆ. ಆದರೆ ಮಗಳೇ, ಕೆಟ್ಟ ಸುದ್ದಿಗೆ ನಾನು ಅಷ್ಟು ಹೆದರುವವಳಲ್ಲ ಅಂತ ಈಗ ತಿಳಿಯಿತು. ಏನೋ ಇದೆ, ಹೇಳುತ್ತಿಲ್ಲ ಅನ್ನುವುದಕ್ಕೆ ಹೆದರುವವಳು. ನಿನ್ನ ಪತ್ರ ಓದಿ ಅತ್ತು ಮುಗಿದ ಮೇಲೆ ನನ್ನ ಮೇಜಿನ ಟ್ರೇಯಲ್ಲಿ ಉಳಿದಿದ್ದ ಕೈಗವಸುಗಳನ್ನು ಪರೀಕ್ಷೆ ಮಾಡಿದೆ. ಕಂಬ ಹತ್ತುವವರು ಯಾರ ಮನೆಯ ಮಕ್ಕಳೋ. ಒಂದೊಂದನ್ನೂ ಕೆನ್ನೆಗಿಟ್ಟು ನೋಡಿದೆ. ಆಮೇಲೆ ರಜೆ ಕೇಳಿದೆ, ಎಷ್ಟು ದಿನ ಅಂದರು, ಗೊತ್ತಿಲ್ಲ ಅಂದೆ.

ಟಿಕೆಟ್ ತೆಗೆದಿದ್ದೇನೆ. ನಿನ್ನನ್ನು ಕೇಳಲಿಲ್ಲ. ಈ ಪತ್ರ ಬಂದ ಮರುದಿನವೇ ನಾನೂ ಬರಬಹುದು. ಮನೆ ಗುಡಿಸಬೇಡ, ಅಡುಗೆ ಮಾಡಬೇಡ, ಆ ಹಳದಿ ಕೈಗವಸುಗಳನ್ನು ಬಚ್ಚಿಡಬೇಡ. ಅಳಿಯಂದಿರಿಗೆ ಅವತ್ತೊಂದು ದಿನ ಮನೆಯಲ್ಲಿರಲು ಹೇಳು. ಮಗುವನ್ನು ನೋಡಿದವರು ಅವರೊಬ್ಬರೇ. ಹೇಗಿತ್ತು ಅಂತ ಅವರನ್ನು ಯಾರೂ ಕೇಳಿರಲಾರರು, ನಾನು ಕೇಳಬೇಕು.

ಬಾಗಿಲು ತೆರೆದಾಗ ಏನು ಬೇಕಾದರೂ ಹೇಳು. ಬೈ, ಕಾಲುನೋವು ಅನ್ನು, ಮೇಲಿನ ಮನೆಯವರ ಮಂಚದ ಮೇಲೆ ದೂರು ಹೇಳು. ಚೆನ್ನಾಗಿದ್ದೇನೆ ಅಂತ ಮಾತ್ರ ಹೇಳಬೇಡ.

ನಿನ್ನ
ಅಮ್ಮ